ಕೂಲೆಂಟ್ ಸೋರಿದರೆ ಬೋರ್‌ವೆಲ್ ನೀರು ಮದ್ದಲ್ಲ

ಉಮರ್ಗಾ: ಬೇಸಿಗೆಯಲ್ಲಿ ಕಾರು ಕಾದರೆ ಉಮರ್ಗಾ, ನಿಲಂಗಾ, ಉದಗೀರ ಕಡೆ ರೇಡಿಯೇಟರ್‌ಗೆ ಸುಲಭವಾಗಿ ಸಿಗುವುದು ಬೋರ್‌ವೆಲ್ ನೀರು. 2016ರಲ್ಲಿ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ತರಿಸಿದ ಸೀಮೆಯಿದು, ಸಿಕ್ಕ ನೀರೇ ಗತಿ. ಆದರೆ ಕಪ್ಪುಕಲ್ಲಿನ ನೆಲದ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಲೋಹ ಸವೆದು ಸೋರಿಕೆ ಹೆಚ್ಚುತ್ತದೆ.

ಸೋರುವುದು ಸಾಮಾನ್ಯವಾಗಿ ಬಿರುಕುಬಿಟ್ಟ ಹೋಸ್ ಪೈಪ್, ಸಡಿಲ ಕ್ಲಿಪ್ ಅಥವಾ ವಾಟರ್ ಪಂಪಿನಿಂದ. ಪೈಪು, ಕ್ಲಿಪ್ಪಾದರೆ ಸಣ್ಣ ಖರ್ಚು. ನೆಲಕ್ಕೆ ಹನಿ ಬೀಳದೆಯೂ ಕೂಲೆಂಟ್ ಇಳಿದು, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಗಾಡಿ ಓಡಿಸಲೇಬೇಡಿ.

ಎಂಜಿನ್ ತಣಿಯುವ ಮುನ್ನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಅನಿವಾರ್ಯವಾಗಿ ಬೋರ್‌ವೆಲ್ ನೀರು ಹಾಕಿದ್ದರೆ, ಸೋರಿಕೆ ಸರಿಪಡಿಸಿದ ಮೇಲೆ ಅದನ್ನೆಲ್ಲ ಹೊರಬಿಡಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ತುಂಬಿಸಿ.