ನಿಮಗಿದು ಗೊತ್ತೆ? ಪ್ಯಾರಿಸ್ಸಿನಲ್ಲಿ ಹಟ ಹಿಡಿದ ಮೈಸೂರು ರಾಯಭಾರಿ

ಫ್ರಾನ್ಸಿನ ರಾಣಿಯ ಮೆಚ್ಚಿನ ಚಿತ್ರಕಾರ್ತಿ ಬರೆದ ತನ್ನದೇ ಚಿತ್ರವನ್ನು ಟಿಪ್ಪು ಸುಲ್ತಾನನ ರಾಯಭಾರಿ ಹಾಸಿಗೆಯ ಹಿಂದೆ ಬಚ್ಚಿಟ್ಟು, ಕೊಡೆನೆಂದು ಕೂತಿದ್ದ! ಚಿತ್ರಕ್ಕಿನ್ನೂ ಆತ್ಮ ಬಂದಿಲ್ಲ ಎಂಬುದು ಆತನ ತಕರಾರು. ಹೀಗೆಂದು ಆ ಕಲಾವಿದೆ ಎಲಿಸಬೆತ್ ವಿಜೆ ಲ ಬ್ರನ್ ತನ್ನ ನೆನಪುಗಳಲ್ಲೇ ಬರೆದಿದ್ದಾಳೆ. ರಾಯಭಾರಿಯ ಹೆಸರು ಮೊಹಮ್ಮದ್ ದರ್ವೇಶ್ ಖಾನ್. ವರ್ಷ 1788. ದೊರೆ 16ನೇ ಲೂಯಿಯೇ ಕೇಳಿಕೊಂಡ ಮೇಲಷ್ಟೇ ಆತ ಚಿತ್ರಕ್ಕೆ ನಿಂತದ್ದು.

2019ರ ಜನವರಿಯಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಇದು ಸುಮಾರು 72 ಲಕ್ಷ ಡಾಲರಿಗೆ ಹೋಯಿತು. ಹಿಂದಿನ ಕಾಲದ ಮಹಿಳಾ ಕಲಾವಿದರ ಮಟ್ಟಿಗೆ ಆಗ ಅದೇ ದಾಖಲೆ. ಪರದೇಶಿ ವೇಷದ ಮೋಜಿಗೆ ಅಷ್ಟು ಬೆಲೆ ಬಂತು ಎನ್ನುವವರಿದ್ದಾರೆ. ವೇಷದ ಸೆಳೆತ ಇಲ್ಲದಿಲ್ಲ; ಚಿನ್ನದ ಹೂಗಳ ಬಿಳಿ ಮಸ್ಲಿನ್ ನಿಲುವಂಗಿಯ ಮಡಿಕೆಗಳನ್ನು ಆಕೆ ಒಂದೊಂದಾಗಿ ತೀಡಿದ್ದಾಳೆ. ಆದರೆ ಬರೀ ಮೋಜಾಗಿದ್ದರೆ ಒಂದು ಸಣ್ಣ ಚಿತ್ರ ಸಾಕಿತ್ತು. ಇದರ ಎತ್ತರ ಏಳು ಅಡಿಗೂ ಹೆಚ್ಚು. ಆಕಾಶದ ಹಿನ್ನೆಲೆ, ಕತ್ತಿಯ ಹಿಡಿಯ ಮೇಲೆ ಕೈ, ತಲೆಯೆತ್ತಿ ನಿಂತ ಠೀವಿ: ಇದು ಯುರೋಪಿನ ಕಲಾವಿದರು ತಮ್ಮ ಅರಸರನ್ನು ಬರೆಯುತ್ತಿದ್ದ ರೀತಿ. ಆಕೆ ಬರೆದದ್ದು ವಿಚಿತ್ರ ಅತಿಥಿಯನ್ನಲ್ಲ, ಒಂದು ರಾಜ್ಯದ ಪ್ರತಿನಿಧಿಯನ್ನು. ಚಿತ್ರ 1789ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿತ್ತು. ಕ್ರಾಂತಿಗೆ ಹೆದರಿದ ಕಲಾವಿದೆ ಅದೇ ಅಕ್ಟೋಬರಿನಲ್ಲಿ ದೇಶ ಬಿಟ್ಟಳು.