ಪಾಠ ಕೇಳುವ ಕಿವಿಗೆ ಎಂಥ ಇಯರ್‌ಫೋನ್ ಕೊಡಿಸಬೇಕು?

ನಿಮ್ಮ ಮಗುವಿನ ಪಠ್ಯಪುಸ್ತಕ ಬಿಡಿಸಿ ನೋಡಿ. ಪಾಠದ ಬದಿಯಲ್ಲಿ ಕ್ಯೂಆರ್ ಕೋಡ್ ಕಾಣಿಸಿದರೆ ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿ. ಪಾಠಕ್ಕೆ ಸಂಬಂಧಿಸಿದ ವಿಡಿಯೊ ಅಥವಾ ಧ್ವನಿಪಾಠ ಸಿಗಬಹುದು. ಗಡಿಯಾಚೆ ಇರುವ ನಮಗೆ ಇದು ಸಣ್ಣ ವಿಷಯವಲ್ಲ. ಮಲಯಾಳ, ಮರಾಠಿ, ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಬೀದಿಗೊಂದು ಟ್ಯೂಷನ್ ಇದೆ. ವಿಜ್ಞಾನವನ್ನೋ ಗಣಿತವನ್ನೋ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಕೊಡುವವರನ್ನು ಹುಡುಕಿ ನೋಡಿ, ಕಷ್ಟ ಗೊತ್ತಾಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಮೊಬೈಲ್ ಪಾಠವೇ ಎರಡನೆಯ ಮೇಷ್ಟ್ರು.

ಆದರೆ ಆ ಮೇಷ್ಟ್ರ ಮಾತು ಕೇಳಿಸುತ್ತಿದೆಯೇ? ಪಕ್ಕದ ಕೋಣೆಯಲ್ಲಿ ಟಿವಿ ಧಾರಾವಾಹಿ, ಅಡುಗೆಮನೆಯಲ್ಲಿ ಮಿಕ್ಸಿ, ಹೊರಗೆ ಬಸ್ಸು. ಮಗು ಮೊಬೈಲನ್ನು ಕಿವಿಗೆ ಒತ್ತಿ ಹಿಡಿಯುತ್ತದೆ, ಇಲ್ಲವೇ ನೂರಿನ್ನೂರು ರೂಪಾಯಿಯ ಇಯರ್‌ಫೋನ್ ಸಿಕ್ಕಿಸಿಕೊಂಡು ವಾಲ್ಯೂಮ್ ಪೂರ್ತಿ ಏರಿಸುತ್ತದೆ. ನೀವು ಹೊಸದೊಂದು ಕೊಡಿಸಲು ಹೊರಡುವುದು ಆಗಲೇ. ಅಂಗಡಿಯಾತ ಮೊದಲು ಹೇಳುವ ಮಾತು, "ಇದರ ಬೇಸ್ ಭಾರಿ ಉಂಟು."

ಅದನ್ನು ಪಕ್ಕಕ್ಕಿಡಿ. ಹಾಡಿಗೆ ಗುಮ್ಮೆನ್ನುವ ಬೇಸ್ ಚೆಂದವೇ ಇರಬಹುದು, ಪಾಠಕ್ಕೆ ಅದು ಅಡ್ಡಿ. ಕೆಳಸ್ಥಾಯಿಯ ದೊಡ್ಡ ಸದ್ದು ಮೇಲುಸ್ಥಾಯಿಯ ಸಣ್ಣ ಸದ್ದನ್ನು ಮುಚ್ಚಿಹಾಕುವುದು ನಮ್ಮ ಕಿವಿಯ ಸ್ವಭಾವ. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗೆ ಮತ್ತು ನಡುವೆ ಇರುತ್ತದೆ. ಸ, ಶ, ಷಗಳ ಸಿಳ್ಳಿನಂಥ ಸದ್ದು, ಮಹಾಪ್ರಾಣದ ಉಸಿರು ಇವೆಲ್ಲ ಮೇಲ್ಗಡೆ ಇರುತ್ತವೆ, ಅವು ತೆಳುವಾದ ಸದ್ದುಗಳೂ ಹೌದು. ಹಳೆಯ ಲ್ಯಾಂಡ್‌ಲೈನ್ ಫೋನು ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದನ್ನಷ್ಟೇ ಒಯ್ಯುತ್ತಿತ್ತು. ಫೋನಿನಲ್ಲಿ ಹೆಸರು ಹೇಳುವಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿದ್ದುದು ನೆನಪಿದೆಯಲ್ಲ? ಸ-ಕಾರದ ಬಲ ಇರುವುದೇ 4,000 ಹರ್ಟ್ಜ್‌ನ ಆಸುಪಾಸು ಮತ್ತು ಅದರ ಮೇಲೆ.

ಸಂಕರ ಮತ್ತು ಶಂಕರ, ಕರ ಮತ್ತು ಖರ ಇವುಗಳ ವ್ಯತ್ಯಾಸ ಕೇಳಿಸದ ಮಗು ಉಕ್ತಲೇಖನದಲ್ಲಿ ತಪ್ಪು ಬರೆದರೆ ಅದರ ಕಿವಿಯನ್ನು ದೂರಿ ಫಲವಿಲ್ಲ. ತಾಳವಾಡಿ, ಹೊಸೂರು ಕಡೆಯ ಪೋಷಕರಿಗೆ ಇದು ಇನ್ನೂ ಮುಖ್ಯ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಇರುವುದು ಒಂದೇ ಅಕ್ಷರ. ಬೋರ್ಡು, ಬಸ್ಸು, ಅಂಗಡಿ ಎಲ್ಲ ಕಡೆ ಅದನ್ನೇ ಓದುವ ಮಗುವಿಗೆ ಕನ್ನಡದ ಈ ಭೇದ ಕಿವಿಯಿಂದಲೇ ಬರಬೇಕು.

ಈಗ ಆಯ್ಕೆಗೆ ಬರೋಣ. ಇನ್-ಇಯರ್ ಮಾನಿಟರ್ ಎಂಬ ಹೆಸರು ಕೇಳಿರಬಹುದು. ವೇದಿಕೆಯ ಮೇಲೆ ಹಾಡುವವರು, ನುಡಿಸುವವರು ಸುತ್ತಲಿನ ಗದ್ದಲದಲ್ಲಿ ತಮ್ಮದೇ ಸ್ವರ ಕೇಳಿಸಿಕೊಳ್ಳಲು ಹಾಕಿಕೊಳ್ಳುವ ಸಾಧನ ಅದು. ಕಿವಿಯ ರಂಧ್ರವನ್ನು ಮೆತ್ತಗೆ ಮುಚ್ಚಿ ಹೊರಗಿನ ಸದ್ದು ತಡೆಯುತ್ತದೆ, ವೈರು ಕಿವಿಯ ಮೇಲಿನಿಂದ ಸುತ್ತಿ ಹೋಗುತ್ತದೆ. ಒಂದು ಕಾಲಕ್ಕೆ ಕಲಾವಿದರಿಗಷ್ಟೇ ಎಟಕುತ್ತಿದ್ದ ಈ ಬಗೆ ಈಗ ಸಾಧಾರಣ ಬೆಲೆಗೂ ಸಿಗುತ್ತದೆ. ಮೂನ್‌ಡ್ರಾಪ್ ಚು 2, ಸೆವೆನ್‌ಹರ್ಟ್ಜ್ ಸಾಲ್‌ನೋಟ್ಸ್ ಝೀರೊ ಇಂಥವು ಎರಡು ಸಾವಿರ ರೂಪಾಯಿಯ ಆಚೀಚೆ ಇರುತ್ತವೆ. ಎರಡರಲ್ಲೂ ವೈರನ್ನು ಬೇರ್ಪಡಿಸಬಹುದು. ಇಯರ್‌ಫೋನ್ ಕೆಡುವುದು ಹೆಚ್ಚಾಗಿ ಜಾಕ್ ಬಳಿ ವೈರು ತುಂಡಾಗಿ. ವೈರನ್ನಷ್ಟೇ ಬದಲಿಸಲು ಆಗುವುದಾದರೆ ಎರಡು ಸಾವಿರದ್ದು ನಾಲ್ಕು ವರ್ಷ ಬಾಳಬಹುದು. ಮುನ್ನೂರರದ್ದನ್ನು ಆರಾರು ತಿಂಗಳಿಗೆ ಎಸೆಯುವ ಮನೆಯವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಅಷ್ಟು ಹಣ ಆಗದಿದ್ದರೆ ಬೇಸರ ಬೇಡ. ಐನೂರರಿಂದ ಎಂಟುನೂರರೊಳಗಿನ ಸಾದಾ ವೈರಿನ ಇಯರ್‌ಫೋನ್ ಪಾಠಕ್ಕೆ ಸಾಕು, ಬೇಸ್ ಹೆಸರಿನಲ್ಲಿ ಮಾರುವಂಥದ್ದು ಆಗಿರಬಾರದು, ಅಷ್ಟೆ. ಅಂಗಡಿಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. ಮೊಬೈಲ್‌ನಲ್ಲಿ ಒಂದು ಕನ್ನಡ ಪಾಠವನ್ನು ಮೊದಲೇ ಇಳಿಸಿಕೊಂಡಿರಿ. ಅಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟದ್ದು ಇದ್ದರೆ ಹಾಡು ಹಾಕಬೇಡಿ, ಪಾಠವನ್ನೇ ಹಾಕಿ. ಕಡಿಮೆ ವಾಲ್ಯೂಮ್‌ನಲ್ಲಿ ಪ್ರತಿ ಶಬ್ದವೂ ಬಿಡಿಬಿಡಿಯಾಗಿ ಕೇಳಿಸುತ್ತದೆಯೇ ಎಂದು ಮಗುವನ್ನೇ ಕೇಳಿ.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಹೆಚ್ಚಿನವು ಪ್ರಯೋಜನಕ್ಕಿಲ್ಲ. "20–20,000 ಹರ್ಟ್ಜ್" ಎಂದು ಎಲ್ಲರೂ ಬರೆಯುತ್ತಾರೆ. 2,999 ಎಂದು ಅಚ್ಚು ಹಾಕಿ 499ಕ್ಕೆ ಕೊಡುವುದು ಕೂಡ ಮಾರಾಟದ ಜಾಣತನವೇ. ನೋಡಬೇಕಾದ್ದು ಜಾಕ್. ನಿಮ್ಮ ಮೊಬೈಲ್‌ನಲ್ಲಿ 3.5 ಮಿಲಿಮೀಟರಿನ ದುಂಡು ತೂತು ಇದೆಯೇ, ಚಾರ್ಜ್ ಮಾಡುವ ಟೈಪ್-ಸಿ ಮಾತ್ರ ಇದೆಯೇ ನೋಡಿಕೊಳ್ಳಿ. ಆನ್‌ಲೈನ್ ತರಗತಿಯಲ್ಲಿ ಮಗು ಉತ್ತರ ಹೇಳಬೇಕಾಗಿದ್ದರೆ ಮೈಕ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಕೆಲವು ಮಾದರಿಗಳು ಮೈಕ್ ಇದ್ದದ್ದು, ಇಲ್ಲದ್ದು ಎರಡೂ ಬಗೆಯಲ್ಲಿ ಬರುತ್ತವೆ.

ಬ್ಲೂಟೂತ್ ಬಡ್ ಬೇಕೆಂದು ಮಗು ಹಟ ಹಿಡಿಯಬಹುದು. ನನ್ನ ಅಭಿಪ್ರಾಯ ಕೇಳಿದರೆ ಹೈಸ್ಕೂಲ್ ಮುಗಿಯುವವರೆಗೆ ಬೇಡ. ಅದರೊಳಗಿನ ಪುಟ್ಟ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಬದಲಿಸಲು ಬರುವುದಿಲ್ಲ. ಒಂದು ಬಡ್ ಕಳೆದರೆ ಜೋಡಿಯೇ ಹೋದ ಹಾಗೆ. ಪಾಠದ ನಡುವೆ ಚಾರ್ಜ್ ಮುಗಿಯುವುದು ಬೇರೆ.

ಎಷ್ಟು ಬೆಲೆಯದಾದರೂ ಕಿವಿಗೆ ಸರಿಯಾಗಿ ಕೂರದಿದ್ದರೆ ದುಡ್ಡು ದಂಡ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಸಿಲಿಕೋನ್ ಟಿಪ್ ಇರುತ್ತವೆ. ಹಾಕಿ ಬರುವುದು ನಡುವಿನದು, ಮಕ್ಕಳಿಗೆ ಹಲವು ಸಲ ಸಣ್ಣದೇ ಬೇಕಾಗುತ್ತದೆ. ಎಡ-ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಇಯರ್‌ಫೋನ್ ಹಾಕಿಕೊಂಡ ಮಗುವಿಗೆ "ಹೂಂ..." ಎಂದು ಗುನುಗಲು ಹೇಳಿ. ತನ್ನ ಸ್ವರ ತಲೆಯೊಳಗೇ ಗುಂಯ್‌ಗುಟ್ಟಿದರೆ ಸರಿ. ಹೊರಗಿನ ಹಾಗೆಯೇ ಕೇಳಿಸಿದರೆ ಸಂದಿ ಉಳಿದಿದೆ, ಟಿಪ್ ಬದಲಿಸಿ. ಸಂದಿ ಮುಚ್ಚಿದಾಗ ಮನೆಯ ಗದ್ದಲ ತಗ್ಗುತ್ತದೆ, ಮಗು ತಾನಾಗಿಯೇ ವಾಲ್ಯೂಮ್ ಇಳಿಸುತ್ತದೆ. ತೀರಾ ಚಿಕ್ಕ ತರಗತಿಯ ಮಕ್ಕಳಿಗೆ ಮಾತ್ರ ಕಿವಿಯೊಳಗಿನದು ಬೇಡ, ಕಿವಿಯ ಮೇಲೆ ಕೂರುವ ಹೆಡ್‌ಫೋನ್ ಕೊಡಿಸಿ.

ವಾಲ್ಯೂಮ್ ವಿಷಯದಲ್ಲಿ ಸಡಿಲ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಸದ್ದು ಮೂರು ಡೆಸಿಬೆಲ್ ಏರಿದರೆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ ಬರೀ 5 ಗಂಟೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮನೆಯಲ್ಲಿ ಡೆಸಿಬೆಲ್ ಅಳೆಯುವುದು ಹೇಗೆ ಎನ್ನುತ್ತೀರಾ? ಗರಿಷ್ಠದ ಶೇಕಡ 60ಕ್ಕಿಂತ ಮೇಲೆ ಹೋಗದಿರುವುದು ಸುಲಭದ ನಿಯಮ. ಜತೆಗೆ ಆಗೊಮ್ಮೆ ಈಗೊಮ್ಮೆ, ಮಗು ಇಟ್ಟ ವಾಲ್ಯೂಮ್ ಬದಲಿಸದೆ, ಬೇರೆ ಟಿಪ್ ಹಾಕಿ ನೀವೇ ಕಿವಿಗಿಟ್ಟು ಕೇಳಿ. ಪಕ್ಕದಿಂದ ಕರೆದಾಗ ಓಗೊಡುತ್ತದೆಯೇ ಎಂಬ ಹಳೆಯ ಪರೀಕ್ಷೆ ಇಲ್ಲಿ ನಡೆಯದು. ಕಿವಿ ಮುಚ್ಚುವ ಇಯರ್‌ಫೋನ್‌ನಲ್ಲಿ ಸದ್ದು ಕಡಿಮೆ ಇದ್ದರೂ ನಿಮ್ಮ ಕರೆ ಕೇಳಿಸದಿರಬಹುದು. ಇದೇ ಕಾರಣಕ್ಕೆ ರಸ್ತೆಯಲ್ಲಿ, ಸೈಕಲ್ ಮೇಲೆ ಅದು ಕಿವಿಯಲ್ಲಿ ಇರಲೇಕೂಡದು.

ಮಂಜೇಶ್ವರ, ಕಾಸರಗೋಡು, ವಯನಾಡಿನವರಿಗೆ ಇನ್ನೊಂದು ಮಾತು. ಆಟಿಯ ಮಳೆಯಲ್ಲಿ ನೆನೆದು ಬಂದ ಮಗು, ತಲೆಗೆ ಸ್ನಾನ ಮಾಡಿದ ಮಗು ಒದ್ದೆ ಕಿವಿಗೆ ಟಿಪ್ ತುರುಕಬಾರದು, ತೇವ ಒಳಗೇ ಉಳಿದು ಬೂಷ್ಟು ಸೋಂಕಿಗೆ ದಾರಿಯಾಗುತ್ತದೆ. ವಾರಕ್ಕೊಮ್ಮೆ ಟಿಪ್ ಕಳಚಿ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಅಣ್ಣ-ತಂಗಿ ಒಂದೇ ಇಯರ್‌ಫೋನ್ ಹಂಚಿಕೊಳ್ಳುವ ಮನೆಯಾದರೆ ಟಿಪ್ ಮಾತ್ರ ಬೇರೆ ಬೇರೆ ಇರಲಿ. ಕಿವಿ ನೋವು, ಸೋರಿಕೆ, ಗುಂಯ್ ಎನ್ನುವ ಸದ್ದು ಇದ್ದರೆ ಇಯರ್‌ಫೋನ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಬಿಲ್ ಕೇಳಿ ಪಡೆಯಿರಿ, ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ ಇರುತ್ತದೆ. ಕಿವಿಗೆ ಹಾಕುವ ವಸ್ತುವನ್ನು ಹೆಚ್ಚಿನ ಅಂಗಡಿಗಳು ವಾಪಸು ಪಡೆಯುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಅಲ್ಲಿಯೇ ಡಬ್ಬಿ ತೆರೆಸಿ, ಎರಡೂ ಕಡೆ ಸಮನಾಗಿ ಕೇಳಿಸುತ್ತದೆಯೇ ನೋಡಿ.