ಕಪ್ಪಾಗಿ ಬಂದ ಕೆಂಪು ಸೆರಗು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಹಳೇ ಮನೆಗಳ ಪಡಸಾಲೆಯಲ್ಲಿ ತೂಗುವ ಮದುವೆ ಫೋಟೊಗಳನ್ನು ಹತ್ತಿರ ಹೋಗಿ ನೋಡಬೇಕು. ಇಳಕಲ್ ಸೀರೆಯ ಸೆರಗನ್ನು ತಲೆ ಮೇಲಿಂದ ತಂದು, ಅದರ ಟೋಪ್ ತೆನಿ ವಿನ್ಯಾಸ ಎದ್ದು ಕಾಣುವಂತೆ ಮುಂದಕ್ಕೆ ಹರವಿರುತ್ತಾರೆ. ಕುಪ್ಪಸ ಗುಳೇದಗುಡ್ಡದ ಖಣದ್ದು. ಆದರೆ ಕೆಂಪಗಿರಬೇಕಾದ ಆ ಸೆರಗು ತೀರಾ ಹಳೆಯ ಫೋಟೊಗಳಲ್ಲಿ ಕಡುಗಪ್ಪು. ಹಣೆಯ ಕುಂಕುಮವೂ ಕಪ್ಪು ಬೊಟ್ಟು. ಫೋಟೊ ಕೆಟ್ಟು ಹಾಗಾದದ್ದಲ್ಲ. ಆಗಿನ ಆರ್ಥೊಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳು ಕೆಂಪು ಬೆಳಕಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಅದಕ್ಕೇ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಅವನ್ನು ತೊಳೆಯಬಹುದಿತ್ತು. ನೀಲಿ ಬಿಳಿಚಿಕೊಳ್ಳುತ್ತಿತ್ತು, ಕೆಂಪು ಕಪ್ಪಾಗುತ್ತಿತ್ತು. ಬಣ್ಣಕ್ಕಾಗಿಯೇ ಹೆಸರಾದ ಮೆಣಸಿನಕಾಯಿಯ ಸೀಮೆಯಲ್ಲಿ ಫೋಟೊಕ್ಕೆ ಸಿಗದೆ ಹೋದದ್ದು ಕೆಂಪೇ!

ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೂ ಕಪ್ಪು-ಬಿಳುಪಿನ ಕಾಲ ಮುಗಿಯಲಿಲ್ಲ. ಬಣ್ಣ ಬೇಕೆಂದವರ ಫೋಟೊಕ್ಕೆ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು: ಕೆನ್ನೆಗೆ ಹತ್ತಿಯಿಂದ ತೆಳು ಗುಲಾಬಿ, ಸೀರೆ ಅಂಚಿಗೆ ಸಣ್ಣ ಕುಂಚ. ಸೀರೆ ನಿಜಕ್ಕೂ ಯಾವ ಬಣ್ಣದ್ದಿತ್ತು ಎಂಬುದಕ್ಕೆ ಅಂಥ ಫೋಟೊ ಸಾಕ್ಷಿಯಾಗದು. ಸಾಕ್ಷಿ ಏನಿದ್ದರೂ ಉಟ್ಟ ರೀತಿಗೆ, ನೆರಿಗೆಗೆ, ಸುತ್ತಿದ ಪಟಗಕ್ಕೆ, ಕೈಗಡಿಯಾರ ಕಾಣಲೆಂದು ತೊಡೆ ಮೇಲೆ ಚಾಚಿಟ್ಟ ಎಡಗೈಗೆ.

ಉಡುಗೆಯನ್ನು ಹೀಗೆ ತೋರಿಸಿಕೊಂಡ ಈ ಫೋಟೊಗಳನ್ನೇ ನಾನು ನಮ್ಮ ಸೀಮೆಯ ಫ್ಯಾಷನ್ ಛಾಯಾಗ್ರಹಣ ಎನ್ನುತ್ತೇನೆ. ಇಟಲಿಯ ಜೊತೆ ಹೋಲಿಸಿ ನೋಡಿ. 1951ರ ಫೆಬ್ರುವರಿ 12ರಂದು ಜೊವಾನ್ನಿ ಬಾಟಿಸ್ಟಾ ಜಾರ್ಜಿನಿ ಅವರು ಫ್ಲಾರೆನ್ಸಿನ ತಮ್ಮ ಮನೆಗೆ ಅಮೆರಿಕದ ಖರೀದಿದಾರರನ್ನು ಕರೆಸಿ ಇಟಲಿಯ ಉಡುಪುಗಳನ್ನು ತೋರಿಸಿದರು. ನೇಪಲ್ಸಿನಲ್ಲಿ ಹುಟ್ಟಿದ ಛಾಯಾಗ್ರಾಹಕ ಫೆದೆರಿಕೊ ಗರೊಲ್ಲಾ ಅದೇ ದಶಕದಲ್ಲಿ ರೂಪದರ್ಶಿಯರನ್ನು ರೋಮಿನ ಬೀದಿಗೆ ಕರೆತಂದು, ಓಡಾಡುವ ಜನರ ನಡುವೆಯೇ ನಿಲ್ಲಿಸಿ ಫೋಟೊ ತೆಗೆದರು. ನಮ್ಮಲ್ಲಿ ನಡೆದದ್ದು ತಿರುವುಮುರುವು. ಹೊಲ, ಅಂಗಡಿ, ಸಂತೆಯ ಜನ ಇದ್ದುದರಲ್ಲಿ ಒಳ್ಳೇದನ್ನು ಉಟ್ಟು ಸ್ಟುಡಿಯೊ ಒಳಗೆ ಬಂದರು. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಹೂದಾನಿಯ ಸ್ಟೂಲು. ಫೋಟೊಗ್ರಾಫರು ಗದ್ದ ಎತ್ತಿಸಿ, ಸೆರಗು ಸರಿಮಾಡಿಸಿ, ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿದ್ದುತ್ತಿದ್ದರು. ಕಸುಬಿನ ನಾಜೂಕಿನಲ್ಲಿ ಇವರೇನೂ ಕಡಿಮೆಯಿರಲಿಲ್ಲ.

ಗರೊಲ್ಲಾ ತೆಗೆದ ಚಿತ್ರಗಳು ಇಂದು ಪುಸ್ತಕಗಳಲ್ಲಿವೆ, ಪ್ರದರ್ಶನಗಳಲ್ಲಿವೆ. ನಮ್ಮ ಸಣ್ಣ ಊರುಗಳ ಸ್ಟುಡಿಯೊ ನೆಗೆಟಿವ್‌ಗಳು ಅಂಗಡಿ ಮುಚ್ಚಿದಾಗ ಗುಜರಿಗೆ ಹೋದವು. ಗಾಜಿನ ಪ್ಲೇಟುಗಳನ್ನು ತಿಕ್ಕಿ ತೊಳೆದು ಚೌಕಟ್ಟಿಗೆ ಹಾಕಿದ್ದೂ ಉಂಟು. ಇದು ನನಗೆ ಬಹಳ ನೋವಿನ ಸಂಗತಿ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ, 1997ರಲ್ಲಷ್ಟೇ ಸ್ವಂತ ಜಿಲ್ಲೆಯಾದ ಈ ಹಾವೇರಿ ಸೀಮೆಯ ಉಡುಗೆ-ತೊಡುಗೆಯ ಚರಿತ್ರೆ ಬರೆಯುವವರಿಗೆ ಗೋಡೆಯ ಮೇಲಿನ ಆ ಪ್ರತಿಗಳೇ ಆಧಾರ.

ಮನೆಗೆ ಸುಣ್ಣ ಬಳಿಯುವಾಗ ಅವನ್ನು ಅಟ್ಟಕ್ಕೆ ಎಸೆಯಬೇಡಿ. ಮೊಬೈಲಿನಲ್ಲಿ ತೆಗೆದಿಡುವುದಾದರೆ ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೊದ ಮೊಹರು ಸಾಮಾನ್ಯವಾಗಿ ಇರುವುದು ಅಲ್ಲೇ. ಆ ಸೀರೆ ನಿಜಕ್ಕೂ ಯಾವ ಬಣ್ಣದ್ದಿತ್ತೆಂದು ಹೇಳಬಲ್ಲ ಅಜ್ಜಿ ಮನೆಯಲ್ಲಿದ್ದರೆ, ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.